ಹಪ್ಪಳ ಕಾಯಲು ಬಂದ ಬೇಟೆನಾಯಿ

ಮಣಿಪಾಲದಲ್ಲಿ ನಮ್ಮ ಪಕ್ಕದ ಮನೆಗೆ ಡಾಕ್ಟರ್ ದಂಪತಿ ಬಂದು ಕೆಲವು ತಿಂಗಳಾಯಿತು. ಅವರ ಜತೆ ಒಂದು ನಾಯಿಯೂ ಬಂದಿದೆ. ಅದನ್ನು ನಾಯಿ ಎಂದರೆ ಅವರಿಗೆ ಬೇಸರ. ಅದಕ್ಕೊಂದು ಹೆಸರಿದೆ, ಅದರ ಅಪ್ಪ, ಅಮ್ಮ, ಅಜ್ಜಂದಿರ ಹೆಸರೆಲ್ಲ ಬರೆದ ಸರ್ಟಿಫಿಕೇಟೂ ಇದೆಯಂತೆ. ನನಗೆ ನನ್ನ ಮುತ್ತಜ್ಜಿಯ ಹೆಸರೇ ಗೊತ್ತಿಲ್ಲ. ಮೊನ್ನೆ ಸಂಜೆ ನಾನು ಹಲಸಿನ ಹಪ್ಪಳ ಕರಿಯುತ್ತಿದ್ದೆ. ಈ ಮಹಾಶಯ ಬೇಲಿಯ ಸಂದಿಯಲ್ಲಿ ನುಸುಳಿ ಬಂದು, ನಮ್ಮ ಹಿಂಬಾಗಿಲ ಮೆಟ್ಟಿಲಲ್ಲಿ ಕೂತು ಜೊಲ್ಲು ಸುರಿಸತೊಡಗಿದ. ಹಿಂದೆಯೇ ಡಾಕ್ಟರಮ್ಮ ಓಡಿ ಬಂದರು.

"ಹೆದರಬೇಡಿ ಆಂಟಿ, ಎಂತ ಮಾಡುವುದಿಲ್ಲ. ಇದು ಡ್ಯಾಶ್‌ಹೌಂಡ್, ಹಂಟಿಂಗ್ ಬ್ರೀಡ್. ಬಿಲದೊಳಗೆ ನುಗ್ಗಿ ಇಲಿ, ಹೆಗ್ಗಣ ಎಲ್ಲ ಹಿಡಿಯುವ ಜಾತಿ" ಎಂದರು.

ಹೆದರುವುದೆಂತ, ನನಗೆ ನಗು ತಡೆಯಲಾಗಲಿಲ್ಲ. ಇವನ ಕುಲಬಾಂಧವನೊಬ್ಬ ನಮ್ಮ ಮನೆಯಲ್ಲೇ ಇದ್ದ, ಇವರ ಬೇಟೆ ಯಾವುದೆಂದು ನನಗೆ ಚೆನ್ನಾಗಿ ಗೊತ್ತು ತಾಯಿ, ಎನ್ನಬೇಕೆಂದಿದ್ದೆ. ಹೊಸ ನೆರೆಕರೆ, ಬೇಡವೆಂದು ಬಾಯಿ ಮುಚ್ಚಿದೆ. ನಾನು ಬಾಯಿ ಮುಚ್ಚುವುದು ಅಪರೂಪ. ಆವತ್ತು ನುಂಗಿಕೊಂಡದ್ದನ್ನು ಈಗ ನಿಮ್ಮ ಮುಂದೆ ಹೇಳದಿದ್ದರೆ ನನಗೆ ಅಜೀರ್ಣವಾಗುತ್ತದೆ.

ಈ ವಿಲಾಯಿತಿಯವರ ವಿಷಯದಲ್ಲಿ ನನಗೊಂದು ಆಶ್ಚರ್ಯ. ಇಲಿ ಹಿಡಿಯಲಿಕ್ಕೆಂದು ಬೆಕ್ಕು ಎಂಬ ಪ್ರಾಣಿಯನ್ನು ದೇವರು ಮೊದಲೇ ಮಾಡಿಟ್ಟಿದ್ದಾನೆ. ಅದು ಸಂಬಳ ಕೇಳುವುದಿಲ್ಲ, ಸರ್ಟಿಫಿಕೇಟು ಕೇಳುವುದಿಲ್ಲ. ಅದನ್ನು ಬಿಟ್ಟು ಇವರು ತಲೆತಲಾಂತರ ಕೂತು ನಾಯಿಯ ಕಾಲನ್ನು ಗಿಡ್ಡ ಮಾಡಿ, ಮೈಯನ್ನು ಉದ್ದ ಮಾಡಿ, ಇಲಿಗೊಂದು, ನರಿಗೊಂದು, ಬಿಲದಲ್ಲಿರುವ ಬ್ಯಾಜರ್ ಎಂಬ ಪ್ರಾಣಿಗೊಂದು ಎಂದು ಬೇರೆ ಬೇರೆ ಜಾತಿ ತಯಾರಿಸಿದರಂತೆ. ನಮ್ಮ ಕುಲಕಸುಬನ್ನು ಕಂಡು ಮೂಗು ಮುರಿದವರು ಪಾಪದ ನಾಯಿಗಳ ತಲೆಗೆ ಅದನ್ನೇ ಕಟ್ಟಿದರು. ಗುಡ್ಡ ಅಗೆದು ಇಲಿ ಹಿಡಿಯುವುದು ನಮ್ಮಲ್ಲಿ ಗಾದೆ, ಅವರಲ್ಲಿ ಅದೇ ಉದ್ಯೋಗ. ಉಡುಪಿಯಲ್ಲಿ ನಮ್ಮ ದೂರದ ನೆಂಟರೊಬ್ಬರು ವಕೀಲರು, ನರಿ ಹಿಡಿಯುವ ಫಾಕ್ಸ್ ಟೆರಿಯರ್ ಸಾಕಿದ್ದರು. ಪಕ್ಕದ ಮನೆಯ ಹೇಂಟೆ ಕೋಳಿ ಮರಿಗಳ ಜತೆ ಅಂಗಳಕ್ಕೆ ಬಂದರೆ ಅದು ವಕೀಲರ ಮೇಜಿನಡಿಗೆ ಹೋಗಿ ಕಕ್ಷಿದಾರರ ಕಾಲ ಸಂದಿಯಲ್ಲಿ ಅಡಗುತ್ತಿತ್ತು. ಅಂಥ ಮನೆಗೆ ಕೇಸು ಹಿಡಿದುಕೊಂಡು ಯಾರು ಹೋಗುತ್ತಿದ್ದರೋ ದೇವರೇ ಬಲ್ಲ.

ಇರಲಿ, ನಮ್ಮ ಮನೆಯಲ್ಲಿದ್ದ ಆ ಕುಲಬಾಂಧವ ಮೇಜರನ ಕತೆಗೆ ಬರುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಹೈಸ್ಕೂಲಿಗೆ ಹತ್ತಿರವಾಗುತ್ತದೆಂದು ನನ್ನನ್ನು ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಕಟಪಾಡಿಯಿಂದ ಕಾಪುವಿಗೆ ಹೋಗುವಾಗ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ನಡೆದರೆ ಆ ಮನೆ. ಅಲ್ಲಿ ವಾಸುದೇವ ಮಾವ ಇದ್ದರು, ಅವರ ತಂಗಿ ಗಿರಿಜ ಚಿಕ್ಕಮ್ಮ ಇದ್ದಳು. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಚಿಕ್ಕಮ್ಮನಿಗೂ ಮದುವೆಯಾದ ಸ್ವಲ್ಪ ಸಮಯದಲ್ಲೇ ಗಂಡ ಹೋಗಿ, ತಿರುಗಿ ತವರಿಗೆ ಬಂದು ಅಣ್ಣನ ಅಡುಗೆಮನೆ ಹಿಡಿದಿದ್ದಳು. ಮಾವ ಬೊಂಬಾಯಿಯಲ್ಲಿ ಒಂದು ಕಂಪೆನಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬೊಂಬಾಯಿಯಿಂದ ಊರಿಗೆ ಬಂದವರು ಬೊಂಬಾಯಿಯನ್ನು ಬಿಟ್ಟು ಬರುವುದಿಲ್ಲ. ಬಾವಿಯ ನೀರು ಕುಡಿದರೆ ಬೊಂಬಾಯಿಯ ನಲ್ಲಿ ನೆನಪಾಗುತ್ತಿತ್ತು, ಇಡ್ಲಿ ತಿಂದರೆ ಧಣಿಗಳ ಬ್ರೆಡ್ಡು ನೆನಪಾಗುತ್ತಿತ್ತು.

ಚಿಕ್ಕಮ್ಮನಿಗೆ ನೆನಪು ಮಾಡುತ್ತಾ ಕೂರಲು ಪುರುಸೊತ್ತಿರಲಿಲ್ಲ. ಬೇಸಗೆ ಬಂತೆಂದರೆ ಬಲಿತ ಹಲಸಿನಕಾಯಿ ಕೊಯ್ಯಿಸಿ, ಸೊಳೆ ಬಿಡಿಸಿ, ಬೇಯಿಸಿ, ಮೆಣಸು ಉಪ್ಪು ಹಾಕಿ ಗುದ್ದಿ, ಉಂಡೆ ಮಾಡಿ, ಮಣೆಯಲ್ಲಿ ಒತ್ತಿ ಚಾಪೆಯ ಮೇಲೆ ಒಣಗಿಸುತ್ತಿದ್ದಳು. ಕಾಗೆ ಓಡಿಸುವ ಕೆಲಸ ನನ್ನದು. ಕಾಗೆ ತಿಂದದ್ದಕ್ಕಿಂತ ಕಾವಲಿನವಳು ತಿಂದದ್ದೇ ಜಾಸ್ತಿ ಎಂದು ಅವಳು ಬೈಯುವುದಿತ್ತು. ಅರೆ ಒಣಗಿದ ಹಪ್ಪಳದ ರುಚಿ ಗೊತ್ತಿದ್ದವರು ನನ್ನನ್ನು ಬೈಯಲಾರರು. ಒಣಗಿದ ಹಪ್ಪಳವನ್ನು ಬಾಳೆನಾರಿನಲ್ಲಿ ಕಟ್ಟು ಕಟ್ಟಿ, ಬುಟ್ಟಿಯಲ್ಲಿ ತುಂಬಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದಳು. ಕೆಳಗಿನ ಹೊಗೆ ತಾಗಿದರೆ ಮಳೆಗಾಲದ ಥಂಡಿಗೂ ಅದು ಮೆತ್ತಗಾಗುವುದಿಲ್ಲ, ಹುಳು ಹಿಡಿಯುವುದಿಲ್ಲ. ಮಳೆ ಜೋರು ಹಿಡಿದಾಗ ಉಡುಪಿಯ ಒಂದು ಅಂಗಡಿಗೆ ಅದನ್ನು ಕೊಟ್ಟು ಬರುವಳು.

ಆ ಹಪ್ಪಳವೇ ಅವಳ ಮರ್ಯಾದೆ. ಅವಳ ಸೀರೆ, ಅವಳ ಸೋಪು, ಉಡುಪಿಗೆ ಹೋಗುವ ಬಸ್ಸಿನ ಟಿಕೇಟು, ನನಗೊಂದು ರಿಬ್ಬನು, ಎಲ್ಲ ಅದರಿಂದಲೇ ಬರಬೇಕು. ಅಣ್ಣನ ಹತ್ತಿರ ಒಂದು ಸೂಜಿಗೂ ಕೇಳುತ್ತಿರಲಿಲ್ಲ. "ನೋಡು ಮಗ, ಒಬ್ಬರ ಹತ್ತಿರ ಕೈ ಚಾಚಿದ ಮೇಲೆ ಅವರ ಮುಂದೆ ಬಾಯಿ ಮುಚ್ಚಿ ಕೂತುಕೊಳ್ಳಬೇಕಾಗ್ತದೆ. ನನ್ನಿಂದ ಅದಾಗುವುದಿಲ್ಲ" ಎನ್ನುತ್ತಿದ್ದಳು. ಅಂಗಡಿಯವರದ್ದೂ ಒಂದೇ ಮಾತು, ಯಾವ ವರ್ಷವೂ ತಪ್ಪಬಾರದು. ತಪ್ಪಿದರೆ ಕಾರ್ಕಳದ ಕಡೆಯಿಂದ ಹಪ್ಪಳ ಕೊಡುವವರು ಕಾದು ಕೂತಿದ್ದರು.

ಅಟ್ಟದಲ್ಲಿ ಇಲಿಗಳಿದ್ದವು. ಯಾರ ಮನೆಯ ಅಟ್ಟದಲ್ಲಿ ಇರಲಿಲ್ಲ ಹೇಳಿ? ಅವಕ್ಕೆ ಚೆನ್ನಿ ಎಂಬ ಬೆಕ್ಕಿತ್ತು. ಚೆನ್ನಿಯ ಕಣ್ಣು ತಪ್ಪಿಸಿ ಇಲಿ ಒಂದೆರಡು ಕಟ್ಟು ಕಡಿದರೆ ಚಿಕ್ಕಮ್ಮ "ಗಣಪತಿಯ ವಾಹನದ ಪಾಲು" ಎಂದು ಆ ಕಟ್ಟನ್ನು ಎಸೆದು ಸುಮ್ಮನಾಗುವಳು. ಹೀಗೆ ಎಲ್ಲ ಸರಿಯಾಗಿಯೇ ನಡೆಯುತ್ತಿದ್ದಾಗ ಮಾವ ಹಳೆಯ ಧಣಿಗಳನ್ನು ನೋಡಿ ಬರುತ್ತೇನೆಂದು ಬೊಂಬಾಯಿಗೆ ಹೋದರು. ತಿರುಗಿ ಬರುವಾಗ ಬೆತ್ತದ ಬುಟ್ಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿಳಿದರು. ಒಳಗೆ ಮೇಜರ್.

"ಧಣಿಗಳು ಬಹುಮಾನ ಕೊಟ್ಟದ್ದು" ಎಂದರು ಮಾವ. ಧಣಿಗೆ ಬೇಡವಾದದ್ದು ಗುಮಾಸ್ತನಿಗೆ ಬಹುಮಾನ.

ಮಾವ ಅದನ್ನು ಜಗಲಿಯಲ್ಲಿ ಇಳಿಸಿ ನಮಗೆ ಉಪನ್ಯಾಸ ಕೊಟ್ಟರು. ಜರ್ಮನಿಯಲ್ಲಿ ಬ್ಯಾಜರ್ ಅಂತ ಒಂದು ಪ್ರಾಣಿ ಉಂಟಂತೆ, ನಮ್ಮ ಹೆಗ್ಗಣದ ದೊಡ್ಡಪ್ಪ. ಅದರ ಬಿಲಕ್ಕೆ ನುಗ್ಗಿ ಎಳೆದು ತರಲಿಕ್ಕೆಂದೇ ಈ ಜಾತಿ ಮಾಡಿದ್ದಂತೆ. ಬ್ಯಾಜರನ್ನೇ ಬಿಡದವನಿಗೆ ನಮ್ಮ ಅಟ್ಟದ ಇಲಿ ಯಾವ ಲೆಕ್ಕ?

"ಅಟ್ಟದ ಇಲಿಗೆ ಚೆನ್ನಿ ಇದ್ದಾಳಲ್ಲ ಅಣ್ಣ" ಎಂದಳು ಚಿಕ್ಕಮ್ಮ.

"ಬೆಕ್ಕಾ? ಅದೊಂದು ಹಾಲು ಕದಿಯುವ ಪ್ರಾಣಿ. ಇವನಿಗೆ ಟ್ರೈನಿಂಗ್ ರಕ್ತದಲ್ಲೇ ಉಂಟು."

ಹಿತ್ತಲ ಗಿಡ ಮದ್ದಲ್ಲ. ಮರುದಿನವೇ ಚೆನ್ನಿಯನ್ನು ಗೋಣಿಯಲ್ಲಿ ಕಟ್ಟಿಸಿ ಕಾಪುವಿನ ಕಡಲ ಕರೆಯಲ್ಲಿ, ಮೀನು ಇಳಿಸುವ ಜಾಗದಲ್ಲಿ ಬಿಡಿಸಿದರು. ನಮ್ಮಲ್ಲಿ ಮೊಸರನ್ನ ತಿಂದು ಬೆಳೆದ ಅದು ಅಲ್ಲಿನ ರಾಶಿ ಮೀನು ಕಂಡು ನಮ್ಮ ಹೆಸರನ್ನೂ ಮರೆತಿರಬೇಕು. ತಿರುಗಿ ಬರಲೇ ಇಲ್ಲ.

ನಾನು ಶಾಲೆಯಲ್ಲಿ ಜರ್ಮನಿಯ ನಾಯಿ ಬಂದಿದೆ ಎಂದು ಡಂಗುರ ಸಾರಿದೆ. ನೋಡಲು ಬಂದ ಗೆಳತಿಯೊಬ್ಬಳು ಸುತ್ತ ಒಂದು ಸಲ ನಡೆದು, "ಇದು ಇಷ್ಟೇಯಾ, ಕಾಲು ಇನ್ನು ಬರಲಿಕ್ಕುಂಟಾ?" ಎಂದು ಕೇಳಿದಳು. ನನಗೆ ಅಳು ಬಂತು. ಪರದೇಶದವನೆಂಬ ಗೌರವದಿಂದ ನಾನು ಅವನ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆ. ಆರು ತಿಂಗಳ ಪರೀಕ್ಷೆಯಲ್ಲಿ ನನಗೆ ಬಂದ ಅಂಕ ನೋಡಿದರೆ ಅವನು ಯಾಕೆ ಒಂದು ಮಾತೂ ಕೇಳಲಿಲ್ಲವೆಂದು ಈಗ ಅರ್ಥವಾಗುತ್ತದೆ.

ಬೊಂಬಾಯಿಯಲ್ಲಿ ಬೇಯಿಸಿದ ಮಾಂಸ ತಿಂದವನಿಗೆ ನಮ್ಮಲ್ಲಿ ಗಂಜಿ, ಮೊಸರನ್ನ, ಏಕಾದಶಿಯಾದರೆ ಬರೀ ಅವಲಕ್ಕಿ. ಕೊಲ್ಲಲು ಹುಟ್ಟಿದವನನ್ನು ತಂದು ಮಾಧ್ವರ ಮನೆಯಲ್ಲಿ ವೈಷ್ಣವದೀಕ್ಷೆ ಕೊಟ್ಟ ಮೇಲೆ ಅವನು ಯಾರನ್ನು ಕೊಲ್ಲಬೇಕು? ಹಸಿವಾದರೆ ಬೇಟೆ ಮಾಡ್ತಾನೆ ಎಂದರು ಮಾವ. ಒಂದು ದಿನ ಸೌದೆ ಕೊಟ್ಟಿಗೆಯಲ್ಲಿ ಸೊಂಡಿಲಿಯೊಂದನ್ನು ಬಾಯಲ್ಲಿ ಹಿಡಿದನಂತೆ. ಅದರ ನಾತಕ್ಕೆ ಉಗಿದು, ಅರ್ಧ ದಿನ ಹುಲ್ಲಿಗೆ ಮುಖ ಉಜ್ಜಿದ. ಮಾವ ಅದನ್ನು ಇಡೀ ಕಟಪಾಡಿ ಪೇಟೆಗೆ ಹುಲಿ ಹೊಡೆದ ಹಾಗೆ ಹೇಳಿಕೊಂಡು ಬಂದರು.

ದೊಡ್ಡ ತೊಡಕು ಅದಲ್ಲ. ಜರ್ಮನಿಯಲ್ಲಿ ವೈರಿ ಇರುವುದು ನೆಲದಡಿಯಲ್ಲಿ, ನಮ್ಮಲ್ಲಿ ಅಟ್ಟದ ಮೇಲೆ. ಗೇಣುದ್ದದ ಕಾಲಿನವನು ಏಣಿ ಹತ್ತುವುದು ಹೇಗೆ? ಒಂದು ಭಾನುವಾರ ಮಾವ ಪಂಚೆ ಮೇಲೆ ಕಟ್ಟಿ, ಮೇಜರನನ್ನು ಕಂಕುಳಲ್ಲಿ ಇಟ್ಟುಕೊಂಡು ಏಣಿ ಹತ್ತಿದರು. ಕೆಳಗೆ ಏಣಿ ಹಿಡಿದವಳು ನಾನು. ನಡುವಿನಲ್ಲಿ ಬೇಟೆನಾಯಿ ಹೆದರಿ ಮಾವನ ಜನಿವಾರ ತೋಯುವಂತೆ ಉಚ್ಚೆ ಹೊಯ್ದ. ಮೇಲೆ ಬಿಟ್ಟರೆ ಒಂದು ಮೂಲೆ ಹಿಡಿದು ಕುಂಯ್‌ಗುಡುತ್ತ ಕೂತ. ಇಲಿಗಳು ಜಂತಿಯ ಮೇಲಿಂದ ಬಗ್ಗಿ ಬಗ್ಗಿ ನೋಡಿ ತಮ್ಮ ಕೆಲಸಕ್ಕೆ ಹೋದವು. ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಆ ನಗುವೇ ತಪ್ಪಾಯಿತೆಂದು ಕಾಣುತ್ತದೆ.

ಬೇರೆ ಯಾರಾದರೂ ಸೋತೆನೆಂದು ಒಪ್ಪಿ ಕಾಪುವಿಗೆ ಹೋಗಿ ಬೆಕ್ಕನ್ನು ಹುಡುಕುತ್ತಿದ್ದರು. ಮಾವ ಹಾಗೆ ಮಾಡುವ ಜಾತಿಯಲ್ಲ. ನಾಯಿ ಅಟ್ಟ ಹತ್ತುವುದಿಲ್ಲವಾದರೆ ಹಪ್ಪಳ ಕೆಳಗೆ ಬರಲಿ ಎಂದರು! ಬುಟ್ಟಿಗಳನ್ನೆಲ್ಲ ಇಳಿಸಿ ಉಗ್ರಾಣದ ನೆಲಕ್ಕೆ ತರಿಸಿದರು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

"ಬೇಡ ಅಣ್ಣ. ಹೊಗೆ ತಾಗದಿದ್ದರೆ ಹಾಳಾಗ್ತದೆ. ನಾಯಿ ಇರುವಲ್ಲಿ ತಿನ್ನುವ ವಸ್ತು ಇಡುವುದಾ?" ಎಂದು ಚಿಕ್ಕಮ್ಮ ಅಂಗಲಾಚಿದಳು.

"ಜರ್ಮನಿಯವರಿಗಿಂತ ನಿನಗೆ ಹೆಚ್ಚು ಗೊತ್ತುಂಟಾ? ಮನೆ ಯಾರದ್ದು?" ಎಂದರು ಮಾವ.

ಮನೆ ಅವಳದ್ದಲ್ಲವಲ್ಲ. ಅದು ಗೊತ್ತಿದ್ದೇ ಅವರು ಕೇಳಿದ್ದು. ಇಷ್ಟು ವರ್ಷವಾದರೂ ಆ ಮಾತು ನೆನಪಾದರೆ ನನಗೆ ಮೈ ಉರಿಯುತ್ತದೆ.

ಮಳೆ ಹಿಡಿಯುವ ಮೊದಲಿನ ಕೊನೆಯ ಮುಹೂರ್ತಕ್ಕೆ ಕಾರ್ಕಳದಲ್ಲಿ ನೆಂಟರ ಮದುವೆ. ಮನೆಗೆ ಬೀಗ ಹಾಕಿ ಎಲ್ಲರೂ ಹೊರಟೆವು. ಹೊರಡುವಾಗ ಮಾವ ಮೇಜರನನ್ನು ಉಗ್ರಾಣದೊಳಗೆ, ಹಪ್ಪಳದ ಬುಟ್ಟಿಗಳ ಜತೆಗೆ ಕೂಡಿ ಬಾಗಿಲು ಹಾಕಿದರು. ಒಂದು ಚೆಂಬು ನೀರು ಇಟ್ಟರು, ಅನ್ನ ಇಡಲಿಲ್ಲ. ಹೊಟ್ಟೆ ತುಂಬಿದ್ದರೆ ಬೇಟೆಯ ಮೇಲೆ ಮನಸ್ಸಿರುವುದಿಲ್ಲವಂತೆ. ಕಾರ್ಕಳದಲ್ಲಿ ಊಟದ ಪಂಕ್ತಿಯಲ್ಲಿ ಕೂತು ಅವರು ಅಕ್ಕಪಕ್ಕದವರಿಗೆಲ್ಲ ಬ್ಯಾಜರಿನ ಕತೆ ಹೇಳಿದರು. ಬಾಳೆಲೆಗೆ ಹಪ್ಪಳ ಬಿತ್ತು. ಚಿಕ್ಕಮ್ಮ ಮುರಿದು ನೋಡಿ, "ಉದ್ದಿನದ್ದು, ಪೇಟೆಯಿಂದ ತಂದದ್ದು" ಎಂದು ಬದಿಗಿಟ್ಟಳು. ಅವಳ ಮನಸ್ಸು ಮನೆಯಲ್ಲಿತ್ತು.

ಸಂಜೆ ಬಂದು ಬಾಗಿಲು ತೆಗೆದರೆ, ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಬುಟ್ಟಿಗಳೆಲ್ಲ ಮಗುಚಿದ್ದವು. ಬಾಳೆನಾರು ಕಿತ್ತು ಬಿದ್ದಿತ್ತು. ಉಗ್ರಾಣದ ತುಂಬ ಹಪ್ಪಳ. ಕಚ್ಚಿ ತಿಂದದ್ದು ಸ್ವಲ್ಪ, ಉಪ್ಪು ಖಾರಕ್ಕೆ ನೆಕ್ಕಿ ನೆಕ್ಕಿ ಬಿಟ್ಟದ್ದು ಬಹಳ. ನಡುವೆ ಜರ್ಮನಿಯ ವೀರ ಹೊಟ್ಟೆ ಉಬ್ಬಿಸಿಕೊಂಡು ಹಲಸಿನಕಾಯಿಯ ಹಾಗೆಯೇ ಬಿದ್ದುಕೊಂಡಿದ್ದ. ಒಣ ಹಪ್ಪಳದ ಮೇಲೆ ಒಂದು ಚೆಂಬು ನೀರು ಕುಡಿದರೆ ಮತ್ತೇನಾಗುತ್ತದೆ? ಆಚೆ ಮೂಲೆಯಲ್ಲಿ ಒಂದು ಇಲಿ ಎರಡು ಕೈಯಲ್ಲಿ ಹಪ್ಪಳದ ಚೂರು ಹಿಡಿದು ನಿಧಾನಕ್ಕೆ ತಿನ್ನುತ್ತಿತ್ತು. ಮೇಜರ್ ಅದನ್ನು ನೋಡಿ ಬಾಲ ಅಲ್ಲಾಡಿಸಿದ. ಒಂದೇ ಪಂಕ್ತಿಯಲ್ಲಿ ಕೂತು ಉಂಡವರ ಸ್ನೇಹ.

ಚಿಕ್ಕಮ್ಮ ಬಾಗಿಲ ದಾರಂದ ಹಿಡಿದು ನಿಂತೇ ಇದ್ದಳು. ಮಾವ ಗಂಟಲು ಸರಿಮಾಡಿಕೊಂಡರು.

"ಅಂಥದ್ದೆಂತ ಆಗಲಿಲ್ಲ ಗಿರಿಜಾ. ಕಚ್ಚಿದ್ದನ್ನು ಆರಿಸಿ ತೆಗೆ. ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದು ಬಿಸಿಲು ಕೊಡು. ಎಣ್ಣೆಗೆ ಬಿದ್ದ ಮೇಲೆ ಎಲ್ಲ ಶುದ್ಧ. ಉಡುಪಿಯವರಿಗೆ ಯಾರು ಹೇಳ್ತಾರೆ?"

ಈ ಮಾತು ಹೇಳಿದವರು ಯಾರು ಗೊತ್ತುಂಟಲ್ಲ? ಮೇಜರನ ಮೂಗು ಅಡುಗೆಮನೆಯ ಹೊಸ್ತಿಲಿಗೆ ತಾಗಿತೆಂದರೆ ಸೆಗಣಿ ಸಾರಿಸಲು ಹೇಳುತ್ತಿದ್ದ ಮಡಿವಂತರು. ಮಡಿ ಅವರ ಎಲೆಗೆ ಮಾತ್ರ. ಊರವರ ಎಲೆಗೆ ನಾಯಿ ನೆಕ್ಕಿದ್ದಾದರೂ ನಡೆಯುತ್ತದೆ! ಥೂ.

ಚಿಕ್ಕಮ್ಮ ಸೆರಗು ಸಿಕ್ಕಿಸಿದಳು. ಮದುವೆಗೆ ಉಟ್ಟ ಸೀರೆಯಲ್ಲೇ ಬುಟ್ಟಿ ಬುಟ್ಟಿ ಹೊತ್ತು ಹಿತ್ತಲಿಗೆ ಒಯ್ದು, ತೆಂಗಿನ ಬುಡದ ಗುಂಡಿಗೆ ಸುರಿದಳು. ಚೆನ್ನಾಗಿಯೇ ಇದ್ದ ಕಟ್ಟುಗಳನ್ನೂ ಬಿಡಲಿಲ್ಲ. "ಇದು ಸರಿ ಉಂಟಲ್ಲ ಚಿಕ್ಕಮ್ಮ" ಎಂದು ನಾನು ಒಂದು ಕಟ್ಟು ಎತ್ತಿ ಹಿಡಿದೆ. "ಯಾವುದಕ್ಕೆ ಮೂಗು ತಾಗಿದೆ, ಯಾವುದಕ್ಕಿಲ್ಲ ಅಂತ ನಾನು ಹೇಗೆ ಹೇಳಲಿ ಮಗ? ಒಬ್ಬರ ಬಾಯಿಗೆ ಹೋಗುವ ವಸ್ತು" ಎಂದು ಅದನ್ನೂ ತೆಗೆದುಕೊಂಡಳು. ಮೇಲೆ ಮಣ್ಣು ಎಳೆದು ಬಾವಿಕಟ್ಟೆಗೆ ಹೋಗಿ ಕೊಡಗಟ್ಟಲೆ ನೀರು ಹೊಯ್ದುಕೊಂಡಳು. ಅತ್ತಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಆ ವಾರವೇ ಮಳೆ ಬಂತು. ಇನ್ನು ಹಪ್ಪಳ ಮಾಡಲು ಬಿಸಿಲು ಬರಬೇಕಾದರೆ ಒಂದು ವರ್ಷ ಕಾಯಬೇಕು.

ಅವಳು ಬಸ್ಸು ಹತ್ತಿ ಉಡುಪಿಗೆ ಹೋಗಿ ಅಂಗಡಿಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದಳು. ಅವರು ಕೇಳಿ, ಹೌದಾ ಎಂದು, ಕಾರ್ಕಳದವರಿಗೆ ಹೇಳಿ ಕಳಿಸಿದರು. ಅವರನ್ನು ಬೈದು ಫಲವಿಲ್ಲ, ಅಂಗಡಿಗೆ ಬೇಕಾದದ್ದು ಹಪ್ಪಳ. ಆ ವರ್ಷವಿಡೀ ಚಿಕ್ಕಮ್ಮ ಸೋಪು ಬಿಟ್ಟು ಕಡಲೆಹಿಟ್ಟು ಹಚ್ಚಿ ಮಿಂದಳು. ಹರಿದ ಸೀರೆಗೆ ಹೊಲಿಗೆ ಹಾಕಿದಳು. ಅಣ್ಣನ ಹತ್ತಿರ ಮಾತ್ರ ಕೇಳಲಿಲ್ಲ. ಕೇಳಲಿ ಎಂದು ಮಾವ ಕಾಯುತ್ತಿದ್ದರೆಂದು ನನ್ನ ಗುಮಾನಿ.

ಅಷ್ಟು ಸಾಲದೆಂದು ಅವರು ಕಟಪಾಡಿ ಪೇಟೆಯಲ್ಲಿ ಕೂತು ಇದನ್ನೊಂದು ತಮಾಷೆ ಮಾಡಿಕೊಂಡರು. "ನನ್ನ ತಂಗಿಗೆ ಹುಚ್ಚು ಮಾರಾಯ್ರೆ. ನಾಯಿ ಎರಡು ಹಪ್ಪಳ ನೆಕ್ಕಿದ್ದಕ್ಕೆ ಇಡೀ ವರ್ಷದ್ದನ್ನು ಮಣ್ಣು ಮಾಡಿದಳು!" ಕಂಡಕಂಡವರಿಗೆಲ್ಲ ಹೇಳಿ ನಗಿಸಿದರು.

ಮುಂದಿನ ಬೇಸಗೆಗೆ ಚಿಕ್ಕಮ್ಮ ಹಪ್ಪಳವನ್ನೇನೋ ಮಾಡಿದಳು. ಕೊಳ್ಳುವವರು ಯಾರೆಂದು ಅವಳಿಗೂ ಗೊತ್ತಿರಲಿಲ್ಲ. ಬುಟ್ಟಿಗಳು ಮತ್ತೆ ಅಟ್ಟ ಸೇರಿದವು. ಈ ಸಲ ಮಾವ ಅಡ್ಡ ಬರಲಿಲ್ಲ. ಒಂದು ಬೆಳಿಗ್ಗೆ ಕಟಪಾಡಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಹಮೀದ್ ಸಾಹೇಬರು ಬಂದು ಅಂಗಳದ ಕೊನೆಯಲ್ಲಿ ನಿಂತರು. ಮೇಜರ್ ಹತ್ತಿರ ಹೋದಾಗ ಲುಂಗಿ ಎತ್ತಿ ಎರಡು ಹೆಜ್ಜೆ ಹಿಂದೆ ಸರಿದರು.

"ಅಕ್ಕ, ಹಲಸಿನ ಹಪ್ಪಳ ಉಂಟಾ?"

"ಉಂಟು. ನಿಮಗೆ ಎಷ್ಟು ಬೇಕು ಸಾಹೇಬರೇ?"

"ಇದ್ದದ್ದು ಪೂರಾ ಬೇಕು. ನಮ್ಮ ಹುಡುಗರು ದುಬೈಗೆ ಹೋಗ್ತಾರಲ್ಲ, ಹೋಗುವಾಗ ಎಲ್ಲರಿಗೂ ಊರಿನ ಹಪ್ಪಳವೇ ಆಗಬೇಕು" ಎಂದರು ಸಾಹೇಬರು. ನಾಯಿಯನ್ನೊಮ್ಮೆ ನೋಡಿ, "ನಿಮ್ಮ ಅಣ್ಣ ಪೇಟೆಯಲ್ಲಿ ಹೇಳಿದ್ದು ಕೇಳಿದೆ. ನಾಯಿ ಬಾಯಿ ಹಾಕಿತು ಅಂತ ನೀವು ಎಲ್ಲ ಮಣ್ಣಿಗೆ ಹಾಕಿದಿರಂತೆ. ಉಳಿದವರೆಲ್ಲ ನಗಾಡಿದರು. ನನಗೆ ನಗು ಬರಲಿಲ್ಲ ಅಕ್ಕ. ನಾಯಿಯ ಎಂಜಲು ನಮಗೂ ಆಗುವುದಿಲ್ಲ. ನಿಮ್ಮ ಕೈಯದ್ದಾದರೆ ನಾನು ಯಾರ ಹತ್ತಿರವೂ ಕೇಳಬೇಕಾಗಿಲ್ಲ ಅಲ್ವಾ?" ಎಂದರು.

ಚಿಕ್ಕಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದದ್ದನ್ನು ನಾನು ಕಂಡೆ. ಅಣ್ಣ ನಗಲಿಕ್ಕೆ ಹೇಳಿದ ಮಾತು ಅವಳಿಗೆ ಅನ್ನವಾಯಿತು. ಆಮೇಲೆ ವರ್ಷವರ್ಷವೂ ಅವಳ ಹಪ್ಪಳ ದುಬೈಗೆ ಹೋಯಿತು. ಸಾಹೇಬರು ತಮ್ಮ ಅಂಗಡಿಯ ದೊಡ್ಡ ಬಿಸ್ಕತ್ತಿನ ಡಬ್ಬಗಳನ್ನು ತೊಳೆಸಿ ಕಳಿಸಿದರು. ತಗಡಿನ ಡಬ್ಬದ ಮುಂದೆ ಇಲಿಯ ಆಟ ನಡೆಯಲಿಲ್ಲ. ಆದರೆ ಜಗಲಿಗೆ ಬಂದ ನೆಂಟರಿಗೆಲ್ಲ ಮಾವ ಹೇಳುವುದು ಒಂದೇ: "ಮೇಜರ್ ಬಂದ ಮೇಲೆ ನಮ್ಮ ಹಪ್ಪಳಕ್ಕೆ ಒಂದು ಇಲಿ ಬಾಯಿ ಹಾಕಿದ್ದಿಲ್ಲ ನೋಡಿ."

ಚಿಕ್ಕಮ್ಮ ಇದನ್ನೆಲ್ಲ ಕೇಳಿಯೂ ಕೇಳದವಳ ಹಾಗೆ ಇರುತ್ತಿದ್ದಳು. ಬಡಿಸುವಾಗ ಮಾತ್ರ ಒಂದು ಪದ್ಧತಿ ಹಿಡಿದಿದ್ದಳು. ಅದು ನನ್ನ ಕಣ್ಣಿಗೆ ಬೀಳಲು ಬಹಳ ಕಾಲ ಬೇಕಾಯಿತು. ಮಾವನ ಕಣ್ಣಿಗೆ ಮೊದಲೇ ಬಿದ್ದಿರಬೇಕು, ಕೇಳಲು ಬಾಯಿ ಬಂದಿರಲಿಲ್ಲ. ಒಂದು ಚೌತಿಯ ದಿನ ಮನೆತುಂಬ ನೆಂಟರು. ಚಿಕ್ಕಮ್ಮ ಹಪ್ಪಳದ ಬುಟ್ಟಿ ಹಿಡಿದು ಪಂಕ್ತಿಯಲ್ಲಿ ಬಂದಳು. ಎಲ್ಲರ ಎಲೆಗೂ ಹಾಕಿದಳು, ಮಾವನ ಎಲೆ ದಾಟಿ ಮುಂದಿನ ಎಲೆಗೆ ಹೋದಳು. ನೆಂಟರ ಮುಂದೆ ಮಾವನಿಗೆ ತಡೆಯಲಾಗಲಿಲ್ಲ.

"ಗಿರಿಜಾ, ನನಗೆ ಹಪ್ಪಳ?"

"ನೀವು ಒರೆಸಿ ಮಾರುವ ಹಪ್ಪಳದವರು ಅಣ್ಣ. ನನ್ನದು ನಿಮಗೆ ಹಿಡಿಸಲಿಕ್ಕಿಲ್ಲ" ಎಂದಳು, ಅನ್ನ ಬೇಕಾ ಎಂದು ಕೇಳುವಷ್ಟೇ ಮೆಲ್ಲಗೆ.

ಪಂಕ್ತಿಯಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ. ಮಾವನಿಗೆ ಆಯಿತು, ನನಗೆ ಆಯಿತು. ಮುದುಕನಾಗಿದ್ದ ಮೇಜರ್ ಅಂಗಳದಲ್ಲಿ ಮೂಗೆತ್ತಿ ಕಾಯುತ್ತಿದ್ದ. ಚಿಕ್ಕಮ್ಮ ಬುಟ್ಟಿಯಲ್ಲಿ ಉಳಿದಿದ್ದ ಒಂದು ಹಪ್ಪಳ ತೆಗೆದು, ದಿನವೂ ಎಸೆಯುವ ಹಾಗೆ ಅವನ ಮುಂದೆ ಎಸೆದಳು.

"ನಾಯಿಗೆ ಹಾಕ್ತೀಯಲ್ಲ!" ಎಂದರು ಮಾವ.

"ಅದಕ್ಕೆ ಎಂಜಲು ಅಂತ ಗೊತ್ತಿರಲಿಲ್ಲ ಅಣ್ಣ" ಎಂದಳು ಚಿಕ್ಕಮ್ಮ.

ಮಾವ ತಲೆ ಬಗ್ಗಿಸಿ ಸಾರನ್ನ ಕಲಸಿದರು. ಅಂಗಳದಿಂದ ಮೇಜರ್ ಕುರುಕುರು ಹಪ್ಪಳ ತಿನ್ನುವ ಸದ್ದು ಪಂಕ್ತಿಯ ಕೊನೆಯ ಎಲೆಯವರೆಗೂ ಕೇಳುತ್ತಿತ್ತು.